ಹಿಂಭಾಗ ಎತ್ತರಿಸಿದ ಗಾಡಿಯ ಪ್ರೊಪೆಲ್ಲರ್ ಶಾಫ್ಟ್ ಕೋನ: ಅಳೆಯುವುದು, ಲೆಕ್ಕ ಹಾಕುವುದು, ಸರಿ ಮಾಡುವುದು

ಸ್ಪ್ರಿಂಗ್ ಬದಲಾಯಿಸಿ ಹಿಂಭಾಗವನ್ನು ಮೂರು ಇಂಚು ಏರಿಸಿದ ಗಾಡಿ ನಿಂತಲ್ಲಿ ಚೆನ್ನಾಗಿಯೇ ಕಾಣುತ್ತದೆ. ಹೊರಟಾಗ ಗೊತ್ತಾಗುತ್ತದೆ. ಕ್ಲಚ್ ಬಿಡುವಾಗ ಸೀಟಿನಡಿಯಿಂದ ಒಂದು ಗುಡುಗುಡು, ಎಂಬತ್ತರ ಆಸುಪಾಸಿನಲ್ಲಿ ನೆಲದ ಹಾಸಿಗೆ ಹತ್ತಿದ ಸಣ್ಣ ನಡುಕ, ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಅದು ಮಾಯ. ಟೈರ್ ಬ್ಯಾಲೆನ್ಸ್ ಮಾಡಿಸಿ, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬ್ಯಾಲೆನ್ಸ್ ಮಾಡಿಸಿ, ಅದರ ತುದಿಯ ಜಾಯಿಂಟಿನೊಳಗಿನ ಕೂಡಿಸುವ ಚಿಹ್ನೆಯಂಥ ತುಂಡು, ಅಂದರೆ ಕ್ರಾಸ್ ಬದಲಾಯಿಸಿ, ಕೊನೆಗೆ ಶಾಫ್ಟಿನ ಕೋನ ಅಳೆಯುವವರೇ ಹೆಚ್ಚು. ಈ ಕ್ರಮ ತಲೆಕೆಳಗು. ಅಳತೆಗೆ ಬೇಕಾದದ್ದು ಅರ್ಧ ದಿನ, ಒಂದು ಕೋನಮಾಪಕ, ಒಂದು ಹಾಳೆ. ಅಳೆಯದೆ ಆಕ್ಸಲ್ ಓರೆ ಮಾಡುವ ಬೆಣೆ ಕೊಳ್ಳಬೇಡಿ ಎಂಬುದೇ ಈ ಬರಹದ ಮುಖ್ಯ ಮಾತು. ಇನ್ನೊಂದು ಮಾತೂ ಇದೆ: ಶಾಫ್ಟಿನ ಎರಡೂ ತುದಿಯ ಕೋನ ಸಮ ಮಾಡಿದರೆ ಕೆಲಸ ಮುಗಿಯಿತು ಎಂದು ಎಲ್ಲರೂ ಹೇಳುತ್ತಾರೆ, ಅದು ಅರ್ಧ ಸತ್ಯ.

ಮೊದಲೇ ಒಂದು ಗೆರೆ ಎಳೆದುಬಿಡೋಣ. ಇದು ಹಿಂದೆ ಗಟ್ಟಿ ಆಕ್ಸಲ್ ಇರುವ ಗಾಡಿಗಳ ವಿಷಯ. ಅಲ್ಲಿ ಡಿಫರೆನ್ಷಿಯಲ್ (ಶಾಫ್ಟಿನ ಶಕ್ತಿಯನ್ನು ಎರಡೂ ಹಿಂಚಕ್ರಕ್ಕೆ ಹಂಚುವ ಪೆಟ್ಟಿಗೆ) ಆಕ್ಸಲ್ ಜೊತೆಗೇ ಮೇಲೆ ಕೆಳಗೆ ಆಡುತ್ತದೆ. ಇಂಡಿಪೆಂಡೆಂಟ್ ಸಸ್ಪೆನ್ಷನ್ ಇದ್ದರೆ ಡಿಫರೆನ್ಷಿಯಲ್ ಬಾಡಿಗೆ ಕಚ್ಚಿಕೊಂಡಿರುತ್ತದೆ, ಎತ್ತರಿಸಿದರೂ ಪ್ರೊಪೆಲ್ಲರ್ ಶಾಫ್ಟ್ ಕೋನ ಬದಲಾಗುವುದಿಲ್ಲ. ಅಲ್ಲಿ ನೋಡಬೇಕಾದದ್ದು ಚಕ್ರಕ್ಕೆ ಹೋಗುವ ಆಕ್ಸಲ್ ಶಾಫ್ಟ್‌ಗಳ ಸಿವಿ ಜಾಯಿಂಟ್, ಅಂದರೆ ಕೋನದಲ್ಲೂ ಒಂದೇ ಸಮ ವೇಗ ಕೊಡುವ ಜಾಯಿಂಟ್.

ಕ್ರಾಸ್ ಜಾಯಿಂಟ್ ಮಾಡುವ ಕಿತಾಪತಿ

ಶಾಫ್ಟಿನ ಎರಡು ತುದಿಯಲ್ಲೂ ಇರುವ ಯೂನಿವರ್ಸಲ್ ಜಾಯಿಂಟ್ ಹಳೆಯ ಉಪಾಯ. 16ನೇ ಶತಮಾನದ ಕಾರ್ಡಾನೊ ಹೆಸರಿನಲ್ಲಿ ಕಾರ್ಡನ್ ಜಾಯಿಂಟ್, 17ನೇ ಶತಮಾನದ ರಾಬರ್ಟ್ ಹುಕ್ ಹೆಸರಿನಲ್ಲಿ ಹುಕ್ಸ್ ಜಾಯಿಂಟ್ ಎಂದೂ ಕರೆಯುತ್ತಾರೆ. ಅದಕ್ಕೊಂದು ಹುಟ್ಟುಗುಣವಿದೆ. ಕೋನದಲ್ಲಿ ತಿರುಗುವಾಗ ಒಳಬರುವ ವೇಗ ಒಂದೇ ಸಮ ಇದ್ದರೂ ಹೊರಹೋಗುವ ವೇಗ ಪ್ರತಿ ಸುತ್ತಿಗೆ ಎರಡು ಸಲ ಹೆಚ್ಚಿ, ಎರಡು ಸಲ ತಗ್ಗುತ್ತದೆ. ಕೋನ 10 ಡಿಗ್ರಿ, ಗೇರ್‌ಬಾಕ್ಸ್ 3000 ಆರ್‌ಪಿಎಂ ಕೊಡುತ್ತಿದೆ ಎಂದುಕೊಳ್ಳಿ. ಶಾಫ್ಟ್ 2954 ಮತ್ತು 3046ರ ನಡುವೆ ಜೀಕುತ್ತಿರುತ್ತದೆ, ಪ್ರತಿ ಸೆಕೆಂಡಿಗೆ ನೂರು ಸಲ. ಕೋನ 5 ಡಿಗ್ರಿಗೆ ಇಳಿದರೆ ಈ ಜೀಕಾಟ 2989ರಿಂದ 3011ಕ್ಕೆ ಕುಗ್ಗುತ್ತದೆ. ಕೋನ ಅರ್ಧವಾದರೆ ತೊಂದರೆ ಕಾಲುಭಾಗ. ಈ ವರ್ಗದ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಿಂದಿನ ಜಾಯಿಂಟ್ ಅಷ್ಟೇ ಕೋನದಲ್ಲಿದ್ದು, ಗೇರ್‌ಬಾಕ್ಸಿನ ಔಟ್‌ಪುಟ್ ಮತ್ತು ಪಿನಿಯನ್ (ಶಾಫ್ಟಿನಿಂದ ಡಿಫರೆನ್ಷಿಯಲ್ ಒಳಗೆ ಹೋಗುವ ಗೇರ್ ದಂಡ) ಒಂದಕ್ಕೊಂದು ಸಮಾನಾಂತರವಾಗಿದ್ದರೆ ಮೊದಲ ಜಾಯಿಂಟ್ ಹುಟ್ಟಿಸಿದ ಏರಿಳಿತವನ್ನು ಎರಡನೆಯದು ಅಳಿಸಿಹಾಕುತ್ತದೆ. ಪಿನಿಯನ್ ಒಂದೇ ಸಮ ತಿರುಗುತ್ತದೆ. ನಡುವಿನ ಶಾಫ್ಟ್ ಮಾತ್ರ ಜೀಕುತ್ತಲೇ ಇರುತ್ತದೆ. ಅದಕ್ಕೆ ತೂಕವಿದೆ, ವೇಗ ಹೆಚ್ಚಿದಂತೆ ಆ ತೂಕವನ್ನು ಎಳೆದು ತಳ್ಳುವ ಬಲವೂ ಹೆಚ್ಚುತ್ತದೆ. ಎರಡೂ ಕೋನ ಸಮ ಇದ್ದ ಗಾಡಿಯೂ ಹೆದ್ದಾರಿಯಲ್ಲಿ ನಡುಗುವುದು ಇದರಿಂದ.

ಎತ್ತರಿಸಿದಾಗ ಶಾಫ್ಟ್ ಎಷ್ಟು ಕಡಿದಾಗುತ್ತದೆ ಎಂಬುದು ಅದರ ಉದ್ದದ ಮೇಲೆ ನಿಂತಿದೆ. 75 ಮಿ.ಮೀ. ಎತ್ತಿದರೆ 1200 ಮಿ.ಮೀ. ಶಾಫ್ಟಿಗೆ ಸುಮಾರು 3.6 ಡಿಗ್ರಿ ಸೇರುತ್ತದೆ, 700 ಮಿ.ಮೀ. ಶಾಫ್ಟಿಗೆ 6ಕ್ಕಿಂತ ಹೆಚ್ಚು. ಗಿಡ್ಡ ವೀಲ್‌ಬೇಸಿನ ಫೋರ್‌ವೀಲ್ ಗಾಡಿಗಳು ಇದೇ ಕೆಲಸಕ್ಕೆ ಹೆಚ್ಚು ಅಳುವುದು ಅದಕ್ಕೇ.

ಕೈಗೆ ಬೇಕಾದದ್ದು

ಅಯಸ್ಕಾಂತದ ತಳವಿರುವ ಡಿಜಿಟಲ್ ಕೋನಮಾಪಕ, 0.1 ಡಿಗ್ರಿ ತೋರಿಸುವಂಥದು. ಮೊಬೈಲಿನ ಆ್ಯಪ್ ಕೂಡ ನಡೆಯುತ್ತದೆ, ಆದರೆ ಬೆನ್ನು ತಾಗಿಸಬೇಡಿ. ಕ್ಯಾಮೆರಾ ಉಬ್ಬು ಒಂದೆರಡು ಡಿಗ್ರಿಯನ್ನು ಸುಮ್ಮನೆ ತಿಂದುಹಾಕುತ್ತದೆ. ಫೋನಿನ ಚಪ್ಪಟೆ ಅಂಚನ್ನು ಇಡಿ. ಅದರ ಜೊತೆಗೆ ಒಂದು ಜೊತೆ ಗಟ್ಟಿ ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಕೊಡುವ ಅಡ್ಡಗಟ್ಟೆ, ವೈರ್ ಬ್ರಶ್, ಅಳತೆ ಟೇಪ್, ತೂಗುಗುಂಡು, ಸೀಮೆಸುಣ್ಣ, ಸರ್ಕ್ಲಿಪ್ ಪ್ಲೈಯರ್.

ಕೋನಮಾಪಕವನ್ನೇ ಮೊದಲು ಪರೀಕ್ಷಿಸಿ. ಒಂದು ಗಟ್ಟಿ ಮೇಜಿನ ಮೇಲಿಟ್ಟು ಓದಿ, ತಿರುಗಿಸಿ ಹಿಂದುಮುಂದು ಮಾಡಿ ಮತ್ತೆ ಓದಿ. ದಿಕ್ಕು ಬದಲಾಗಿ ಸಂಖ್ಯೆ ಅದೇ ಬಂದರೆ ಸರಿ. ಒಂದು ಕಡೆ 0.8, ಇನ್ನೊಂದು ಕಡೆ 0.2 ಬಂದರೆ ಅದರ ಸೊನ್ನೆ ಸರಿದಿದೆ.

ಗಾಡಿಯನ್ನು ನಿಲ್ಲಿಸುವ ರೀತಿ

ನನ್ನ ಮೊದಲ ತಪ್ಪು ಇಲ್ಲೇ ಆಯಿತು. ಅಡಿಗೆ ಹೋಗಲು ಜಾಗ ಬೇಕೆಂದು ಚಾಸಿ ಕೆಳಗೆ ಸ್ಟ್ಯಾಂಡ್ ಕೊಟ್ಟು ಅಳೆದೆ. ಆಕ್ಸಲ್ ಕೆಳಗೆ ಜೋತುಬಿದ್ದಿತ್ತು, ಶಾಫ್ಟ್ ಏಣಿಯ ಹಾಗೆ ನಿಂತಿತ್ತು. ಹಿಂದಿನ ಜಾಯಿಂಟಿನಲ್ಲಿ ಬಂದ ಸಂಖ್ಯೆ ನೋಡಿ ಗಾಬರಿಯಾಗಿ 6 ಡಿಗ್ರಿಯ ಬೆಣೆ ತಂದು ಹಾಕಿದೆ. ಚಕ್ರ ನೆಲಕ್ಕೆ ಇಳಿದಾಗ ಪಿನಿಯನ್ ಮೂತಿ ಆಕಾಶ ನೋಡುತ್ತಿತ್ತು. ಮೊದಲು ಎಂಬತ್ತಕ್ಕೆ ಬರುತ್ತಿದ್ದ ನಡುಕ ಮೂವತ್ತಕ್ಕೇ ಬಂತು. ಎರಡು ದಿನ ಕೂತು ಎಲ್ಲ ಬಿಚ್ಚಿದೆ.

ಆದ್ದರಿಂದ: ಗಾಡಿಯ ಭಾರ ಸ್ಪ್ರಿಂಗಿನ ಮೇಲೇ ಇರಬೇಕು. ಹೊಸ ಸ್ಪ್ರಿಂಗ್ ಹಾಕಿದ ಕೂಡಲೇ ಅಳೆಯಬೇಡಿ, ಸ್ವಲ್ಪ ದೂರ ಓಡಿಸಿ ಅವು ಕೂರಲಿ. ಟ್ಯಾಂಕಿನಲ್ಲಿ ಇಂಧನ, ಹಿಂದೆ ನೀವು ದಿನವೂ ಹೊರುವ ಸಾಮಾನು ಇರಲಿ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹಿಂದಿನ ಬಂಪರನ್ನು ಒಂದೆರಡು ಸಲ ಒತ್ತಿ ಬಿಡಿ. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಟ್ಟೆ ಕೊಡಿ. ಆಮೇಲೆ ಹಿಂದಿನ ಆಕ್ಸಲನ್ನು ಜಾಕಿನಿಂದ ಎತ್ತಿ, ಆಕ್ಸಲ್ ಕೊಳವೆಯ ಅಡಿಯಲ್ಲಿ, ಸ್ಪ್ರಿಂಗಿಗೆ ಸಾಧ್ಯವಾದಷ್ಟು ಹತ್ತಿರ, ಎರಡೂ ಕಡೆ ಒಂದೇ ಎತ್ತರಕ್ಕೆ ಸ್ಟ್ಯಾಂಡ್ ಕೊಡಿ. ಚಕ್ರಗಳು ನೆಲ ಬಿಟ್ಟಿರುತ್ತವೆ, ಸ್ಪ್ರಿಂಗ್ ಮಾತ್ರ ರಸ್ತೆಯಲ್ಲಿದ್ದಷ್ಟೇ ಒತ್ತಿರುತ್ತದೆ. ಶಾಫ್ಟನ್ನು ಕೈಯಿಂದ ತಿರುಗಿಸಲು ನ್ಯೂಟ್ರಲ್ ಬೇಕು, ಹ್ಯಾಂಡ್‌ಬ್ರೇಕ್ ಬಿಡಬೇಕು. ಆಗ ಗಾಡಿಯನ್ನು ಹಿಡಿದಿರುವುದು ಮುಂದಿನ ಅಡ್ಡಗಟ್ಟೆಗಳು ಮಾತ್ರ, ಅವನ್ನು ಕಾಟಾಚಾರಕ್ಕೆ ಇಡಬೇಡಿ. ಬರೀ ಜಾಕಿನ ನಂಬಿಕೆಯಲ್ಲಿ ಯಾವತ್ತೂ ಅಡಿಗೆ ಹೋಗಬಾರದು.

ಹಿಂಭಾಗ ಹೀಗೆ ಎದ್ದಾಗ ಇಡೀ ಗಾಡಿ ಸ್ವಲ್ಪ ಮುಂದಕ್ಕೆ ಬಾಗುತ್ತದಲ್ಲ, ಅಳತೆ ಕೆಡುವುದಿಲ್ಲವೇ? ಇಲ್ಲ. ನಮಗೆ ಬೇಕಾದದ್ದು ಒಂದರಿಂದ ಇನ್ನೊಂದರ ವ್ಯತ್ಯಾಸ. ಗೇರ್‌ಬಾಕ್ಸ್, ಶಾಫ್ಟ್, ಪಿನಿಯನ್ ಮೂರೂ ಅಷ್ಟೇ ಬಾಗುವುದರಿಂದ ಕಳೆಯುವಾಗ ಅದು ಹೊರಟುಹೋಗುತ್ತದೆ. ಷರತ್ತು ಒಂದೇ: ಮೂರು ಅಳತೆ ಮುಗಿಯುವವರೆಗೆ ಗಾಡಿಯನ್ನು ಮುಟ್ಟಬಾರದು. ಇದೇ ಕಾರಣಕ್ಕೆ ಹಳೆಯ ಓದುಗಳನ್ನು ಹೊಸದರೊಂದಿಗೆ ಬೆರೆಸಬಾರದು. ಗೇರ್‌ಬಾಕ್ಸನ್ನು ಯಾರೂ ಮುಟ್ಟಿಲ್ಲ, ಹಳೇ ಸಂಖ್ಯೆಯೇ ಸಾಕು ಎನ್ನುವವರಿದ್ದಾರೆ. 2700 ಮಿ.ಮೀ. ವೀಲ್‌ಬೇಸಿನ ಗಾಡಿಯ ಹಿಂಭಾಗವನ್ನಷ್ಟೇ 75 ಮಿ.ಮೀ. ಎತ್ತಿದರೆ ಇಡೀ ಚಾಸಿ 1.6 ಡಿಗ್ರಿ ಮುಂದಕ್ಕೆ ವಾಲುತ್ತದೆ, ಗೇರ್‌ಬಾಕ್ಸೂ ಅದರ ಜೊತೆಗೇ ವಾಲುತ್ತದೆ.

ಮೂರು ಓದುಗಳು

ಚಿಹ್ನೆಯ ಗೊಂದಲದಿಂದ ಕೆಟ್ಟಷ್ಟು ಲೆಕ್ಕ ಬೇರೆ ಯಾವುದರಿಂದಲೂ ಕೆಡುವುದಿಲ್ಲ. ಒಂದು ನಿಯಮ ಹಿಡಿಯಿರಿ: ಗಾಡಿಯ ಮುಂದಿನಿಂದ ಹಿಂದಕ್ಕೆ ಹೋಗುವಾಗ ಕೆಳಗಿಳಿದರೆ ಪ್ಲಸ್, ಮೇಲೇರಿದರೆ ಮೈನಸ್. ಹೀಗೆ ಹಿಡಿದರೆ ಪಿನಿಯನ್ ಮೂತಿ ಮೇಲಕ್ಕಿದ್ದರೆ ಪ್ಲಸ್, ನೆಲ ನೋಡುತ್ತಿದ್ದರೆ ಮೈನಸ್. ಹಾಳೆಯ ಮೇಲೆ ಪಕ್ಕನೋಟದ ಚಿತ್ರ ಬರೆದುಕೊಂಡು ಅದರ ಮೇಲೇ ಸಂಖ್ಯೆ ಗೀಚಿ. ಮಾಪಕಗಳು ಸಾಮಾನ್ಯವಾಗಿ ಸಂಖ್ಯೆ ಮತ್ತು ಒಂದು ಬಾಣವನ್ನಷ್ಟೇ ತೋರಿಸುತ್ತವೆ, ಯಾವ ಕಡೆ ಇಳಿಜಾರು ಎಂಬುದನ್ನು ನಿಮ್ಮ ಕಣ್ಣೇ ಹೇಳಬೇಕು.

ಮೊದಲು ಶಾಫ್ಟ್, ಅದು ಸುಲಭ. ಕೊಳವೆಯ ನಡುಭಾಗದಲ್ಲಿ ಕೆಸರು, ತುಕ್ಕು ಉಜ್ಜಿ ತೆಗೆಯಿರಿ. ಬ್ಯಾಲೆನ್ಸ್‌ಗೆಂದು ಬೆಸೆದ ಸಣ್ಣ ತಗಡು, ವೆಲ್ಡಿಂಗ್ ಉಬ್ಬು, ನೆಗ್ಗು ಇವುಗಳಿಂದ ದೂರವಿರಿ. ಮಾಪಕವನ್ನು ಕೊಳವೆಯ ಉದ್ದಕ್ಕೆ ಇಟ್ಟು ಓದಿ, ಶಾಫ್ಟನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಮ್ಮೆ ಓದಿ, ಸರಾಸರಿ ತೆಗೆಯಿರಿ. ಎರಡರ ನಡುವೆ ದೊಡ್ಡ ಅಂತರ ಬಂದರೆ ಕೊಳವೆಯೇ ಬಾಗಿರಬಹುದು. ಆಗ ಕೋನದ ಮಾತು ಬಿಟ್ಟು ಮೊದಲು ಶಾಫ್ಟನ್ನು ಲೇತಿಗೆ ಕಳಿಸಿ.

ಪಿನಿಯನ್ ಸ್ವಲ್ಪ ತಾಳ್ಮೆ ಕೇಳುತ್ತದೆ. ಡಿಫರೆನ್ಷಿಯಲ್ ಹೌಸಿಂಗ್ ಎರಕದ್ದು, ಅದರ ಮೈಮೇಲೆ ಮಾಪಕವಿಟ್ಟರೆ ಬರುವುದು ಎರಕದ ಇಳಿಜಾರು, ಪಿನಿಯನ್ನಿನದ್ದಲ್ಲ. ನಾನು ನಂಬುವ ಜಾಗ ಕ್ರಾಸಿನ ಬೇರಿಂಗ್ ಕಪ್. ಪಿನಿಯನ್ ಯೋಕಿನ, ಅಂದರೆ ಕ್ರಾಸನ್ನು ಹಿಡಿದಿರುವ ಕವಲಿನ, ಎರಡು ಕಿವಿಗಳಲ್ಲಿ ಒಂದು ನೇರ ಕೆಳಗೆ ಬರುವಂತೆ ಶಾಫ್ಟ್ ತಿರುಗಿಸಿ. ಆ ಕಿವಿಯಲ್ಲಿರುವ ಕಪ್ಪನ್ನು ಹಿಡಿದಿಡುವ ಸ್ಪ್ರಿಂಗ್ ಉಂಗುರ, ಅಂದರೆ ಸರ್ಕ್ಲಿಪ್ ತೆಗೆಯಿರಿ. ತೆಗೆಯುವಾಗ ಅದು ಚಿಮ್ಮುತ್ತದೆ, ಕಣ್ಣಿಗೆ ಕನ್ನಡಕವಿರಲಿ. ಒಳಗಿನ ಗ್ರೀಸು ಮಣ್ಣು ಒರೆಸಿದರೆ ನಾಣ್ಯದಷ್ಟು ಅಗಲದ ಚಪ್ಪಟೆ ಉಕ್ಕು ಕಾಣುತ್ತದೆ. ಆ ಕಪ್ಪಿನ ಮುಖ ಪಿನಿಯನ್ ಅಕ್ಷಕ್ಕೆ ಸಮಾನಾಂತರ. ಮಾಪಕ ಕಿವಿಯ ಅಂಚಿಗೆ ತಾಗಿ ಒಳಗೆ ಕೂರದಿದ್ದರೆ ಕಪ್ಪಿನ ಮೇಲೆ ಎರಡೂ ತುದಿ ಸಮನಾಗಿರುವ ಚಿಕ್ಕ ಸಾಕೆಟ್ ಒಂದನ್ನು ಒತ್ತಿ ಹಿಡಿದು, ಅದರ ತಳಕ್ಕೆ ಮಾಪಕ ಕೊಡಿ. ಕಿವಿ ನೇರ ಕೆಳಗೆ ಬಂದಿದೆಯೇ ಎಂದು ತಿಳಿಯಲು ಮಾಪಕವನ್ನು ಅಡ್ಡಲಾಗಿ ಇಟ್ಟು ಸೊನ್ನೆ ಬರುವವರೆಗೆ ಶಾಫ್ಟನ್ನು ಕೂದಲೆಳೆಯಷ್ಟು ಆಡಿಸಿ, ಆಮೇಲೆ ಉದ್ದಕ್ಕೆ ತಿರುಗಿಸಿ ಓದಿ. ಮುಗಿದ ಮೇಲೆ ಸರ್ಕ್ಲಿಪ್ ತನ್ನ ಕಚ್ಚಿನಲ್ಲಿ ಪೂರ್ತಿ ಕೂತಿದೆಯೇ ನೋಡಿ. ಹಾಗೇ ಮರೆತು ಓಡಿಸಿದರೆ ಕಪ್ ಹೊರಬರುತ್ತದೆ.

ದುಂಡು ಫ್ಲೇಂಜ್ ಇರುವ ಗಾಡಿಯಲ್ಲಿ ಇಷ್ಟು ಪಾಡಿಲ್ಲ. ಫ್ಲೇಂಜಿನ ಯಂತ್ರದಲ್ಲಿ ಕಡೆದ ಮುಖ ಅಕ್ಷಕ್ಕೆ ಲಂಬವಾಗಿರುತ್ತದೆ, ಅಲ್ಲಿ 87 ಬಂದರೆ ಅಕ್ಷದ ಇಳಿಜಾರು 3.

ಗೇರ್‌ಬಾಕ್ಸ್ ಅಥವಾ ಟ್ರಾನ್ಸ್‌ಫರ್ ಕೇಸಿನ (ಫೋರ್‌ವೀಲ್ ಗಾಡಿಯಲ್ಲಿ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಔಟ್‌ಪುಟ್ಟಿಗೂ ಇದೇ ಉಪಾಯ: ಯೋಕ್ ಇದ್ದರೆ ಕಪ್, ಫ್ಲೇಂಜ್ ಇದ್ದರೆ ಮುಖ. ಕೈ ಹೋಗದಿದ್ದರೆ ಎಂಜಿನ್ನಿನ ಮುಂದಿರುವ ಕ್ರ್ಯಾಂಕ್ ಪುಲ್ಲಿಯ ಮುಖಕ್ಕೆ ಮಾಪಕವನ್ನು ನೆಟ್ಟಗೆ ಇಟ್ಟು 90ರಿಂದ ಕಳೆಯಿರಿ. ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ಗೆರೆಯಲ್ಲಿ ಬೋಲ್ಟ್ ಆಗಿರುವುದರಿಂದ ಕ್ರ್ಯಾಂಕಿನ ಇಳಿಜಾರೇ ಗೇರ್‌ಬಾಕ್ಸಿನದು. ಆಯಿಲ್ ಪ್ಯಾನಿನ ತಗಡಿನ ತಳವನ್ನು ನಂಬಬೇಡಿ.

ಪ್ರತಿ ಜಾಗದಲ್ಲೂ ಮೂರು ಸಲ ತೆಗೆದಿಟ್ಟು ಓದಿ. 0.2ಕ್ಕಿಂತ ಹೆಚ್ಚು ಅಲ್ಲಾಡಿದರೆ ಮಾಪಕದ ಅಡಿಯಲ್ಲಿ ಇನ್ನೂ ಕೊಳೆ ಇದೆ.

ಲೆಕ್ಕ

ಮುಂದಿನ ಜಾಯಿಂಟ್ ಕೋನ: ಶಾಫ್ಟ್ ಓದಿನಿಂದ ಗೇರ್‌ಬಾಕ್ಸ್ ಓದು ಕಳೆಯಿರಿ.
ಹಿಂದಿನ ಜಾಯಿಂಟ್ ಕೋನ: ಶಾಫ್ಟ್ ಓದಿನಿಂದ ಪಿನಿಯನ್ ಓದು ಕಳೆಯಿರಿ.

1000 ಮಿ.ಮೀ. ಶಾಫ್ಟ್ ಇರುವ ಒಂದು ಗಾಡಿಯನ್ನು ಉದಾಹರಣೆಗೆ ಹಿಡಿಯೋಣ. ಲೆಕ್ಕ ಸರಳವಾಗಲಿ ಎಂದು ಮುಂಭಾಗವೂ ಅಷ್ಟೇ ಏರಿದೆ ಎಂದುಕೊಳ್ಳಿ. ಎತ್ತರಿಸುವ ಮೊದಲು ಗೇರ್‌ಬಾಕ್ಸ್ 4.0, ಶಾಫ್ಟ್ 7.3, ಪಿನಿಯನ್ 3.0. ಮುಂದಿನ ಕೋನ 3.3, ಹಿಂದಿನದು 4.3. ಈಗ 75 ಮಿ.ಮೀ. ಏರಿಸಿದ್ದಾರೆ, ಆಕ್ಸಲ್ ಒಂದು ಡಿಗ್ರಿ ತಿರುಗಿ ಪಿನಿಯನ್ ಮೂತಿ ಕುಸಿದಿದೆ. ಓದುಗಳು 4.0, 12.0, 2.0. ಮುಂದಿನ ಕೋನ 8.0, ಹಿಂದಿನದು 10.0.

ವ್ಯತ್ಯಾಸ ಒಂದರಿಂದ ಎರಡಾಗಿದೆ, ಅಷ್ಟೇ ತಾನೆ ಅನಿಸುತ್ತದೆ. ಇಲ್ಲಿ ವರ್ಗದ ಲೆಕ್ಕ ಬರುತ್ತದೆ. ಎರಡು ಜಾಯಿಂಟ್‌ಗಳು ಒಂದನ್ನೊಂದು ಅಳಿಸಿದ ಮೇಲೆ ಉಳಿಯುವ ತೊಂದರೆ ಎಷ್ಟು ಎಂದು ತಿಳಿಯಲು ದೊಡ್ಡ ಕೋನದ ವರ್ಗದಿಂದ ಚಿಕ್ಕದರ ವರ್ಗ ಕಳೆದು ವರ್ಗಮೂಲ ತೆಗೆಯಬೇಕು. ಮೊದಲಿದ್ದದ್ದು √(18.5 − 10.9), ಅಂದರೆ ಸುಮಾರು 2.8 ಡಿಗ್ರಿ. ಈಗಿರುವುದು √(100 − 64), ಅಂದರೆ ಸರಿಯಾಗಿ 6 ಡಿಗ್ರಿ. ಆರು ಡಿಗ್ರಿಯ ಒಂಟಿ ಜಾಯಿಂಟ್ ಪಿನಿಯನ್ನಿಗೆ ಎಷ್ಟು ಏರಿಳಿತ ಕೊಡುತ್ತದೋ ಅಷ್ಟನ್ನು ಈ ಗಾಡಿ ಕೊಡುತ್ತಿದೆ. ಈ ಉಳಿಕೆ 3 ಡಿಗ್ರಿಯೊಳಗಿರಲಿ ಎಂಬುದು ರೂಢಿಯ ಮಿತಿ. ಕೋನಗಳು ಚಿಕ್ಕದಿದ್ದಾಗ ಒಂದು ಡಿಗ್ರಿ ತಪ್ಪನ್ನು ಗಾಡಿ ನುಂಗಿಕೊಳ್ಳುತ್ತದೆ, ದೊಡ್ಡದಾದಂತೆ ಅದೇ ಒಂದು ಡಿಗ್ರಿ ಕುತ್ತಿಗೆ ಹಿಡಿಯುತ್ತದೆ.

ಇನ್ನು ಕೋನದ ಗಾತ್ರ. ಶಾಫ್ಟ್ ಎಷ್ಟು ಜೋರಾಗಿ ತಿರುಗುತ್ತದೋ ಅಷ್ಟು ಕಡಿಮೆ ಕೋನವನ್ನು ಅದು ತಾಳುತ್ತದೆ. ಶಾಫ್ಟ್ ಕೆಲಸದವರು ಬಳಸುವ ಪಟ್ಟಿಯಲ್ಲಿ 2000 ಆರ್‌ಪಿಎಂಗೆ ಗರಿಷ್ಠ 8.7 ಡಿಗ್ರಿ, 2500ಕ್ಕೆ 7.0, 3000ಕ್ಕೆ 5.8, 4000ಕ್ಕೆ 4.2. ಇದು ಮಿತಿ, ಗುರಿಯಲ್ಲ. 3 ಡಿಗ್ರಿಯ ಆಸುಪಾಸು ಸಿಕ್ಕರೆ ಅದೃಷ್ಟ. ಸೊನ್ನೆ ಕೂಡ ಒಳ್ಳೆಯದಲ್ಲ. ಕನಿಷ್ಠ ಅರ್ಧ ಡಿಗ್ರಿಯಾದರೂ ಇರಬೇಕು, ಇಲ್ಲದಿದ್ದರೆ ಕಪ್ಪಿನೊಳಗಿನ ಸೂಜಿ ಬೇರಿಂಗ್‌ಗಳು ಉರುಳದೆ ಒಂದೇ ಜಾಗದಲ್ಲಿ ಕುಟ್ಟಿ ಕ್ರಾಸಿನ ಮೇಲೆ ಗೆರೆ ಕೊರೆಯುತ್ತವೆ.

ನಿಮ್ಮ ಶಾಫ್ಟ್ ವೇಗ ತಿಳಿಯುವುದು ಸುಲಭ. ಟೈರ್ ಒಂದು ಸುತ್ತಿಗೆ 2.3 ಮೀಟರ್ ಹೋಗುತ್ತದೆ, ಆಕ್ಸಲ್ ಅನುಪಾತ 4.1 ಎಂದರೆ 80 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ 580 ಸುತ್ತು, ಶಾಫ್ಟ್ ಸುಮಾರು 2380. ನೂರರಲ್ಲಿ ಅದು 2970. ನಮ್ಮ ಉದಾಹರಣೆಯ 8 ಡಿಗ್ರಿ ಎಂಬತ್ತಕ್ಕೇ ಮಿತಿ ದಾಟಿದೆ.

ಅಡ್ಡ ಕೋನ

ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ ಮತ್ತು ಪಿನಿಯನ್ ಮೇಲಿನಿಂದ ನೋಡಿದಾಗ ಒಂದೇ ಗೆರೆಯಲ್ಲಿಲ್ಲದಿದ್ದರೆ ಶಾಫ್ಟ್ ಪಕ್ಕಕ್ಕೂ ಓರೆಯಾಗಿರುತ್ತದೆ. ಎರಡೂ ಕ್ರಾಸಿನ ನಡುವಿನಿಂದ ತೂಗುಗುಂಡು ಬಿಟ್ಟು ನೆಲದಲ್ಲಿ ಸೀಮೆಸುಣ್ಣದ ಗುರುತು ಮಾಡಿ. 700 ಮಿ.ಮೀ. ಉದ್ದಕ್ಕೆ 60 ಮಿ.ಮೀ. ಪಕ್ಕಕ್ಕೆ ಸರಿದಿದ್ದರೆ ಅಡ್ಡ ಕೋನ 4.9 ಡಿಗ್ರಿ. ಲಂಬ ಕೋನ 8 ಇದ್ದರೆ ನಿಜವಾದ ಕೋನ ಎರಡರ ವರ್ಗಗಳನ್ನು ಕೂಡಿ ಮೂಲ ತೆಗೆದದ್ದು, 9.4. ಎತ್ತರಿಸುವುದರಿಂದ ಅಡ್ಡ ಕೋನ ಹೆಚ್ಚುವುದಿಲ್ಲ, ಆದರೆ ಮಿತಿಗೆ ಹೋಲಿಸುವಾಗ ಅದನ್ನು ಬಿಟ್ಟರೆ ನಿಮಗೆ ನೀವೇ ಸುಳ್ಳು ಹೇಳಿಕೊಂಡಂತೆ.

ಸರಿಪಡಿಸುವುದು

ಪಿನಿಯನ್ ಎತ್ತುವ ಮುನ್ನ ಒಂದು ವಿಷಯ. ಲೀಫ್ ಸ್ಪ್ರಿಂಗ್ ಗಾಡಿಯಲ್ಲಿ ಆಕ್ಸಿಲರೇಟರ್ ತುಳಿದಾಗ ಪಟ್ಟಿಗಳು ತಿರುಚಿಕೊಂಡು ಪಿನಿಯನ್ ಮೂತಿ ಮೇಲೇಳುತ್ತದೆ. ಅದಕ್ಕೇ ನಿಂತಾಗ ಸಮಾನಾಂತರಕ್ಕಿಂತ 1ರಿಂದ 2 ಡಿಗ್ರಿ ಕೆಳಗಿರಬೇಕು, ಓಡುವಾಗ ತಾನೇ ಸಮಕ್ಕೆ ಬರುತ್ತದೆ. ಕಾಯಿಲ್ ಸ್ಪ್ರಿಂಗ್ ಮತ್ತು ಆಕ್ಸಲನ್ನು ಚಾಸಿಗೆ ಹಿಡಿಯುವ ಕೈಗಳಿರುವ ಸಸ್ಪೆನ್ಷನ್‌ನಲ್ಲಿ ತಿರುಚು ಕಡಿಮೆ, ಒಂದು ಡಿಗ್ರಿಯೊಳಗೆ ಸಾಕು. ಕೈಗಳ ಉದ್ದ ಹೊಂದಿಸಬಹುದಾದ ಕಿಟ್ ಇದ್ದರೆ ಪಿನಿಯನ್ ಹೊಂದಿಸುವುದು ಸ್ಪ್ಯಾನರ್ ಕೆಲಸ ಅಷ್ಟೇ.

ಲೀಫ್ ಸ್ಪ್ರಿಂಗ್‌ಗೆ ಬೆಣೆಯಾಕಾರದ ಶಿಮ್. ದಪ್ಪ ತುದಿ ಯಾವ ಕಡೆ ಎಂಬಲ್ಲಿ ಎಷ್ಟೋ ಜನ ಎಡವುತ್ತಾರೆ. ಸ್ಪ್ರಿಂಗ್ ಆಕ್ಸಲಿನ ಮೇಲೆ ಕೂತಿದ್ದರೆ, ಮೂತಿ ಎತ್ತಲು ದಪ್ಪ ತುದಿ ಹಿಂದಕ್ಕೆ. ಸ್ಪ್ರಿಂಗ್ ಆಕ್ಸಲಿನ ಅಡಿಯಲ್ಲಿದ್ದರೆ ದಪ್ಪ ತುದಿ ಮುಂದಕ್ಕೆ. ಬಾಯಿಪಾಠ ಬೇಡ, ಎರಡು ಪುಸ್ತಕದ ನಡುವೆ ಒಂದು ರಬ್ಬರಿನ ತುಂಡಿಟ್ಟು ನೋಡಿದರೆ ತಿಳಿಯುತ್ತದೆ. ಅಲ್ಯುಮಿನಿಯಂಗಿಂತ ಉಕ್ಕಿನ ಶಿಮ್ ಆರಿಸಿ. ಅಲ್ಯುಮಿನಿಯಂ ಕಾಲಾಂತರದಲ್ಲಿ ಜಜ್ಜಿ ಯು ಬೋಲ್ಟ್ ಸಡಿಲವಾಗುತ್ತದೆ. ಒಂದರ ಮೇಲೊಂದು ಶಿಮ್ ಪೇರಿಸಬೇಡಿ. ಸೆಂಟರ್ ಬೋಲ್ಟಿನ ತಲೆ ಶಿಮ್ ದಾಟಿ ಆಕ್ಸಲ್ ಪೀಠದ ತೂತಿಗೆ ಪೂರ್ತಿ ಇಳಿಯಬೇಕು, ಇಲ್ಲದಿದ್ದರೆ ಉದ್ದದ ಬೋಲ್ಟ್ ಹಾಕಿ. ಯು ಬೋಲ್ಟ್ ಹೊಸದೇ ಆಗಲಿ.

ಲೀಫ್ ಸ್ಪ್ರಿಂಗಿನ ಹಿಂದಿನ ತುದಿಯನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್ ಉದ್ದ ಮಾಡಿ ಎತ್ತರಿಸಿದ ಗಾಡಿಯಲ್ಲಿ ಪಿನಿಯನ್ ಮೂತಿ ಆಗಲೇ ಮೇಲೆದ್ದಿರುತ್ತದೆ. ಅಂಥದಕ್ಕೆ ಅಳೆಯದೆ ಇನ್ನೊಂದು ಬೆಣೆ ಕೊಟ್ಟರೆ ಕೆಟ್ಟಂತೆಯೇ.

ಮತ್ತೆ ನಮ್ಮ ಗಾಡಿ. ಪಿನಿಯನ್ ಯೋಕ್ ಆಕ್ಸಲ್ ನಡುವಿನಿಂದ ಸುಮಾರು 300 ಮಿ.ಮೀ. ಮುಂದಿದ್ದರೆ 2 ಡಿಗ್ರಿ ಎತ್ತಿದಾಗ ಮೂತಿ 10.5 ಮಿ.ಮೀ. ಏರುತ್ತದೆ, ಶಾಫ್ಟಿನ ಇಳಿಜಾರೂ 0.6 ಡಿಗ್ರಿ ತಗ್ಗುತ್ತದೆ. ಪಿನಿಯನ್ 4.0, ಶಾಫ್ಟ್ 11.4, ಎರಡೂ ಕೋನ 7.4. ಉಳಿಕೆ ಸೊನ್ನೆ! ಆದರೂ 2500 ಆರ್‌ಪಿಎಂನ ಮಿತಿ 7.0. ಈ ಗಾಡಿ ಊರೊಳಗೆ ಸುಮ್ಮನಿದ್ದು, ಹೆದ್ದಾರಿಯಲ್ಲಿ ನಡುಗುತ್ತದೆ. ಅರ್ಧ ಸತ್ಯ ಎಂದದ್ದು ಇದನ್ನೇ.

ಮುಂದಿನ ದಾರಿ ಗೇರ್‌ಬಾಕ್ಸಿನ ಕ್ರಾಸ್‌ಮೆಂಬರ್ ಇಳಿಸುವುದು. ಎಂಜಿನ್ ಮೌಂಟಿನಿಂದ ಬಾಲದವರೆಗೆ 1000 ಮಿ.ಮೀ. ಇರುವಲ್ಲಿ 20 ಮಿ.ಮೀ. ಸ್ಪೇಸರ್ ಕೊಟ್ಟರೆ ಗೇರ್‌ಬಾಕ್ಸ್ ಇಳಿಜಾರು 1.1 ಡಿಗ್ರಿ ಹೆಚ್ಚಿ 5.1 ಆಗುತ್ತದೆ, ಶಾಫ್ಟಿನದು 1.1 ತಗ್ಗುತ್ತದೆ. ಒಂದೇ ಏಟಿಗೆ ಎರಡು ಲಾಭ. ಪಿನಿಯನ್ನನ್ನೂ 5.1ಕ್ಕೆ ಎತ್ತಿದರೆ ಶಾಫ್ಟ್ ಇನ್ನೂ 0.3 ತಗ್ಗಿ 10.0ಕ್ಕೆ ಬರುತ್ತದೆ. ಎರಡೂ ಕೋನ 4.9. ಲೀಫ್ ಸ್ಪ್ರಿಂಗ್ ಆದರೆ ತಿರುಚಿಗೆ ಜಾಗ ಬಿಟ್ಟು 4ರ ಹತ್ತಿರ ನಿಲ್ಲಿಸಿ. ಇದಕ್ಕೆ ತೆರಬೇಕಾದದ್ದೂ ಇದೆ: ಹೊಟ್ಟೆಯಡಿ 20 ಮಿ.ಮೀ. ಜಾಗ ಹೋಯಿತು. ಫ್ಯಾನ್ ಮತ್ತು ಅದರ ಕವಚದ ನಡುವಿನ ಸಂದು, ಸೈಲೆನ್ಸರ್ ಕೊಳವೆ, ಗೇರ್ ಲಿವರ್, ವೈರಿಂಗ್ ಎಲ್ಲ ನೋಡಬೇಕು.

ಗಿಡ್ಡ ಶಾಫ್ಟಿಗೆ ಇದೂ ಸಾಲದು. ಅಲ್ಲಿ ಟ್ರಾನ್ಸ್‌ಫರ್ ಕೇಸಿನ ಕಡೆ ಡಬಲ್ ಕಾರ್ಡನ್ ಜಾಯಿಂಟ್ ಇರುವ ಶಾಫ್ಟ್ ಹಾಕುತ್ತಾರೆ. ಆ ಜೋಡಿ ಜಾಯಿಂಟ್ ತನ್ನ ಏರಿಳಿತವನ್ನು ತಾನೇ ಅಳಿಸಿಕೊಳ್ಳುವುದರಿಂದ ಸಮಾನಾಂತರದ ನಿಯಮ ಇಲ್ಲಿ ಅನ್ವಯಿಸುವುದಿಲ್ಲ. ಪಿನಿಯನ್ ನೇರ ಶಾಫ್ಟಿನ ಗೆರೆಗೇ ಗುರಿಯಿಟ್ಟಿರಬೇಕು, ನಿಂತಾಗ ಒಂದೆರಡು ಡಿಗ್ರಿ ಕೆಳಗೆ. ಸಾದಾ ಶಾಫ್ಟಿಗೆ ಹೊಂದಿಸಿದ ಪಿನಿಯನ್ನಿಗೆ ಡಬಲ್ ಕಾರ್ಡನ್ ಕಟ್ಟಿ, ದುಡ್ಡು ಸುರಿದರೂ ನಡುಕ ಹೋಗಲಿಲ್ಲ ಎಂದು ಗೊಣಗುವವರನ್ನು ಕಂಡಿದ್ದೇನೆ. ಮೂತಿ ತುಂಬಾ ಎದ್ದರೆ ಪಿನಿಯನ್ನಿನ ಮುಂದಿನ ಬೇರಿಂಗಿಗೆ ಆಯಿಲ್ ತಲುಪುವುದು ಕಡಿಮೆಯಾಗುತ್ತದೆ, ಮಟ್ಟ ನೋಡುವ ತೂತಿನ ಎತ್ತರವೂ ಬದಲಾಗುತ್ತದೆ ಎಂಬುದು ನೆನಪಿರಲಿ.

ಎರಡು ತುಂಡಿನ ಶಾಫ್ಟಿನಲ್ಲಿ ಸೆಂಟರ್ ಬೇರಿಂಗ್ ಇರುತ್ತದೆ. ಮುಂದಿನ ತುಂಡು ಗೇರ್‌ಬಾಕ್ಸ್ ಗೆರೆಗೆ ಹತ್ತಿರ, ಅರ್ಧದಿಂದ ಒಂದು ಡಿಗ್ರಿ ವ್ಯತ್ಯಾಸದಲ್ಲಿರಲಿ. ಆಮೇಲೆ ಆ ಮುಂದಿನ ತುಂಡನ್ನೇ ಗೇರ್‌ಬಾಕ್ಸ್ ಎಂದು ಭಾವಿಸಿ ಹಿಂದಿನ ತುಂಡು ಮತ್ತು ಪಿನಿಯನ್ ಲೆಕ್ಕ ಹಾಕಿ. ಎತ್ತರಿಸಿದ ಮೇಲೆ ಸಾಮಾನ್ಯವಾಗಿ ಬೇರಿಂಗ್ ಬ್ರಾಕೆಟಿಗೆ ಸ್ಪೇಸರ್ ಕೊಟ್ಟು ಕೆಳಗಿಳಿಸಬೇಕಾಗುತ್ತದೆ. ಹೊರಡುವಾಗ ಮಾತ್ರ ಬರುವ ಗುಡುಗುಡು ಹೆಚ್ಚಾಗಿ ಇಲ್ಲಿಯದೇ.

ಜೋತುಬಿಟ್ಟು ನೋಡುವುದು

ಕೋನ ಸರಿಬಂದ ಮೇಲೆ ಈಗ ಚಾಸಿ ಕೆಳಗೆ ಸ್ಟ್ಯಾಂಡ್ ಕೊಟ್ಟು ಆಕ್ಸಲನ್ನು ನಿಧಾನವಾಗಿ ಇಳಿಬಿಡಿ. ಇಳಿಸುವಾಗ ಬ್ರೇಕ್ ಹೋಸ್, ಎಬಿಎಸ್ ವೈರ್, ಹ್ಯಾಂಡ್‌ಬ್ರೇಕ್ ಕೇಬಲ್ ಎಳೆದುಕೊಳ್ಳುತ್ತಿಲ್ಲವೇ ಎಂದು ಕಣ್ಣಿಟ್ಟಿರಿ. ಪೂರ್ತಿ ಜೋತುಬಿದ್ದಾಗ ಶಾಫ್ಟನ್ನು ಕೈಯಿಂದ ಒಂದು ಸುತ್ತು ತಿರುಗಿಸಿ. ಎಲ್ಲಾದರೂ ಬಿಗಿಯಾದರೆ ಯೋಕಿನ ಕಿವಿಗಳು ಒಂದಕ್ಕೊಂದು ತಾಗುತ್ತಿವೆ, ಲೋಹ ಹೊಳೆಯುವ ಗುರುತು ಕಾಣುತ್ತದೆ. ಹಾಗೆ ಬಿಟ್ಟರೆ ಗುಂಡಿಯಲ್ಲಿ ಚಕ್ರ ಜೋತಾಗ ಕ್ರಾಸ್ ಮುರಿಯುತ್ತದೆ.

ಶಾಫ್ಟ್ ಉದ್ದಗಿಡ್ಡವಾಗಲು ಬಿಡುವ ಸ್ಲಿಪ್ ಜಾಯಿಂಟಿನ ಹಲ್ಲುಗಳು ಈಗ ಎಷ್ಟು ಒಳಗಿವೆ? ನಿಂತಾಗ ಒಂದು ಬಣ್ಣದ ಗುರುತು, ಜೋತಾಗ ಇನ್ನೊಂದು ಮಾಡಿ ಎಷ್ಟು ಹೊರಬಂದಿದೆ ಅಳೆಯಿರಿ. ಹಲ್ಲು ಸ್ವಲ್ಪವೇ ಕಚ್ಚಿಕೊಂಡಿದ್ದರೆ ಉದ್ದದ ಶಾಫ್ಟ್ ಅಥವಾ ಸ್ಪೇಸರ್ ಬೇಕು. ಸ್ಲಿಪ್ ಬಿಚ್ಚಿದ್ದರೆ ಜೋಡಿಸುವಾಗ ಎರಡೂ ತುದಿಯ ಯೋಕ್‌ಗಳು ಒಂದೇ ಗೆರೆಯಲ್ಲಿರಲಿ. ಒಂದು ಹಲ್ಲು ತಪ್ಪಿದರೂ ಇಷ್ಟು ಹೊತ್ತು ಹಾಕಿದ ಲೆಕ್ಕ ನೀರಲ್ಲಿ ಹೋಮ. ಶಾಫ್ಟ್ ಪೂರ್ತಿ ತೆಗೆದಾಗ ಗೇರಿನಲ್ಲಿಟ್ಟರೂ, ಪಾರ್ಕ್‌ನಲ್ಲಿಟ್ಟರೂ ಹಿಂಚಕ್ರಕ್ಕೆ ಹಿಡಿತವಿಲ್ಲ, ಅಡ್ಡಗಟ್ಟೆ ತೆಗೆಯಬೇಡಿ.

ಓಡಿಸಿ ನೋಡುವುದು

ಗಾಡಿ ನೆಲಕ್ಕಿಳಿಸಿ, ಯು ಬೋಲ್ಟ್ ಮತ್ತು ಯೋಕ್ ಬೋಲ್ಟ್‌ಗಳನ್ನು ತಯಾರಕರು ಹೇಳಿದ ಟಾರ್ಕಿಗೆ ಬಿಗಿದು, ಇನ್ನೊಮ್ಮೆ ಮೂರೂ ಓದು ತೆಗೆದುಕೊಳ್ಳಿ. ಆಮೇಲೆ ಖಾಲಿ ರಸ್ತೆ.

ಎಳೆಯುವಾಗ ನಡುಕ ಹೆಚ್ಚಿ, ಕಾಲು ತೆಗೆದಾಗ ಹೋದರೆ ಪಿನಿಯನ್ ಬೇಕಾದ್ದಕ್ಕಿಂತ ಮೇಲಿದೆ. ಕಾಲು ತೆಗೆದಾಗ ಬಂದು, ತುಳಿದಾಗ ಹೋದರೆ ಕೆಳಗಿದೆ. ಎರಡರಲ್ಲೂ ಒಂದೇ ಸಮ ಇದ್ದು ವೇಗದ ಜೊತೆ ಏರುತ್ತಿದ್ದರೆ ಬ್ಯಾಲೆನ್ಸ್, ಸವೆದ ಕ್ರಾಸ್ ಅಥವಾ ಒಟ್ಟು ಕೋನವೇ ದೊಡ್ಡದು. ಮೊಬೈಲಿನಲ್ಲಿ ಕಂಪನದ ಆವರ್ತನ ತೋರಿಸುವ ಆ್ಯಪ್ ಇದ್ದರೆ, ಪಕ್ಕದಲ್ಲಿ ಕೂತವರ ಕೈಗೆ ಕೊಡಿ. ಮೇಲಿನ ಉದಾಹರಣೆಯ ಗಾಡಿ 80ರಲ್ಲಿ ಹೋಗುವಾಗ ಸುಮಾರು 10 ಹರ್ಟ್ಸ್ ಬಂದರೆ ಟೈರು, 40 ಬಂದರೆ ಶಾಫ್ಟಿನ ಬ್ಯಾಲೆನ್ಸ್, 80 ಬಂದರೆ ಜಾಯಿಂಟ್ ಕೋನ. ಒಂದು ಸುತ್ತಿಗೆ ಎರಡು ಸಲ ಎಂಬ ಆ ಹುಟ್ಟುಗುಣವೇ ಇಲ್ಲಿ ಸಹಿ ಹಾಕುತ್ತದೆ.

ಒಂದೆರಡು ನೂರು ಕಿ.ಮೀ. ಓಡಿದ ಮೇಲೆ ಯು ಬೋಲ್ಟ್ ಮತ್ತೆ ಬಿಗಿಯಿರಿ, ಸ್ಪ್ರಿಂಗ್ ಇನ್ನಷ್ಟು ಕೂತಿದ್ದರೆ ಓದುಗಳನ್ನೂ ಮತ್ತೆ ತೆಗೆಯಿರಿ. ಗೇರ್‌ಬಾಕ್ಸ್, ಶಾಫ್ಟ್, ಪಿನಿಯನ್ ಈ ಮೂರು ಸಂಖ್ಯೆ, ದಿನಾಂಕ, ಆಗ ಹಿಂದೆ ಇದ್ದ ಭಾರ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಮೈಗೆ ಅಂಟಿಸಿ. ನನ್ನ ಗಾಡಿಯಲ್ಲಿ ಅಂಥವು ನಾಲ್ಕಿವೆ. ಮೊದಲನೆಯದರಲ್ಲಿ 6 ಡಿಗ್ರಿ ಬೆಣೆ ಎಂದು ಬರೆದು ಅಡ್ಡಗೆರೆ ಹೊಡೆದಿದೆ.